ಗಂಗೆಪೂಜೆಯಿಲ್ಲದ ಬಾಣಂತನ

ನನ್ನ ಅತ್ತೆಯ ಕೊನೆಯ ಬಾಣಂತನ ಒಂಬತ್ತು ವರ್ಷ ನಡೆಯಿತು. ಮಗು ಇರಲಿಲ್ಲ. ಗರ್ಭಕೋಶವೂ ಇರಲಿಲ್ಲ, ಅದನ್ನು ತೆಗೆದುಹಾಕಿದ್ದಕ್ಕೇ ಈ ಬಾಣಂತನ. ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ನನಗೆ ಮಾತ್ರ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಆ ಉರಿಯಲ್ಲಿ ಅರ್ಧ ಡಾಕ್ಟರುಗಳ ಪಾಲು, ಕಾಲು ನಮ್ಮ ಮನೆಯವರದು, ಉಳಿದ ಕಾಲು ನನ್ನದೇ. ಯಾಕೆಂದರೆ ತುಪ್ಪ ಕಾಸಿದ ಕೈ ನನ್ನದು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ನಂಜನಗೂಡಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ. ಮಾವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅತ್ತೆ ದೇವನೂರಿನಲ್ಲಿ ಹುಟ್ಟಿ ಬೆಳೆದವರು, ಆಗ ಅವರಿಗೆ ಐವತ್ತೈದರ ಆಸುಪಾಸು. ಬಿಳಿಗೆರೆ ಕಡೆ ನಮಗಿದ್ದ ಎರಡೂವರೆ ಎಕರೆ ಹೊಲಕ್ಕೆ ದಿನ ಬಿಟ್ಟು ದಿನ ಹೋಗಿ ಬರುತ್ತಿದ್ದರು. ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ಭಾನುವಾರ ನಾನು ಜೊತೆಗೆ ಹೋದರೆ ಅವರ ಹಿಂದೆ ಓಡಬೇಕಾಗುತ್ತಿತ್ತು. ತಿರುಗಿ ನೋಡಿ, "ಏನವ್ವ, ಚಾಕ್‌ಪೀಸ್ ಇಡ್ದೂ ಇಡ್ದೂ ಕಾಲೂ ಸೀಮೆಸುಣ್ಣ ಆಗೋಯ್ತಾ?" ಎಂದು ಕಿಚಾಯಿಸುತ್ತಿದ್ದರು.

ಮುಟ್ಟು ನಿಂತು ಐದಾರು ವರ್ಷವಾದ ಮೇಲೆ ಅವರಿಗೆ ಮತ್ತೆ ಕಾಣಿಸಿಕೊಂಡಿತು. ಮೂರು ತಿಂಗಳು ಬಾಯಿ ಬಿಡಲಿಲ್ಲ. ಬಚ್ಚಲಮನೆಯ ಹಿಂದೆ ಒಣಹಾಕಿದ್ದ ಹಳೆಯ ಸೀರೆಯ ತುಂಡುಗಳನ್ನು ಕಂಡು ನಾನೇ ಕೇಳಿದೆ. "ಉಷ್ಣ ಕಣವ್ವ" ಎಂದರು. ನಾನು ಬಿಡಲಿಲ್ಲ. ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಸಮಯಕ್ಕೆ ಸರಿಯಾಗಿ ಕರೆತಂದಿರಿ, ಗೆದ್ದಿರಿ ಎಂದರು. ಆ ಮಟ್ಟಿಗೆ ಆ ಡಾಕ್ಟರುಗಳಿಗೆ ಈಗಲೂ ಕೈ ಮುಗಿಯುತ್ತೇನೆ. ಆದರೆ ಬಿಟ್ಟು ಕಳಿಸುವಾಗ ಕೊಟ್ಟ ಕಾಗದದಲ್ಲಿ ಮುಂದಿನ ತಪಾಸಣೆಯ ತಾರೀಖು ಬಿಟ್ಟು ಇನ್ನೇನೂ ಇರಲಿಲ್ಲ. ಈ ಹೆಂಗಸು ಇನ್ನು ಮೇಲೆ ಏನು ತಿನ್ನಬೇಕು, ಯಾವಾಗ ನಡೆಯಬೇಕು, ಹೊಲಕ್ಕೆ ಎಂದು ಹೋಗಬಹುದು ಎಂದು ಒಬ್ಬರೂ ಒಂದು ಮಾತು ಹೇಳಲಿಲ್ಲ. ಹೇಳದೆ ಬಿಟ್ಟ ಜಾಗವನ್ನು ನಮ್ಮ ಮನೆಯವರು ತಮಗೆ ತಿಳಿದ ಹಾಗೆ ತುಂಬಿಕೊಂಡರು.

ನನ್ನ ನಾದಿನಿ, ಅಂದರೆ ಅತ್ತೆಯ ಒಬ್ಬಳೇ ಮಗಳು, ಟಿ. ನರಸೀಪುರಕ್ಕೆ ಮದುವೆಯಾಗಿ ಹೋದವಳು. ಆಸ್ಪತ್ರೆಯಿಂದ ಬಿಟ್ಟ ದಿನವೇ ಕಾರು ಮಾಡಿಕೊಂಡು ಬಂದು ನಿಂತಳು.

"ಅವ್ವನ್ನ ನಾನು ಕರ್ಕಂಡೋಯ್ತೀನಿ ಅತ್ತಿಗೆ. ನಂಗೆ ಎರಡು ಬಾಣಂತನ ಮಾಡವ್ಳೆ. ನಾನು ಒಂದಾದ್ರೂ ಮಾಡ್ಬೇಡ್ವಾ?"

"ಇದು ಬಾಣಂತನ ಅಲ್ಲ ಕಣವ್ವ, ಆಪರೇಷನ್ನು," ಎಂದೆ.

"ಎತ್ತರೆ ಮಗು ಒಂದೇ ಆಚೆಗೆ ಬತ್ತದೆ. ಇಲ್ಲಿ ಮಗು ಇದ್ದ ಮನೇನೇ ತೆಗ್ದವ್ರೆ. ಒಟ್ಟೆ ಬರಿದಾಗ್ಬುಟ್ಟದೆ. ತುಂಬುಸ್ಬೇಡ್ವಾ?"

ನಿಜ ಹೇಳಬೇಕೆಂದರೆ ನನಗೂ ಅದು ಸರಿಯೆನಿಸಿತ್ತು. ಅತ್ತೆಯ ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಹಾಗಾಗಿ ಮಗಳ ಮನೆಯೇ ತವರಾಯಿತು.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ನರಸೀಪುರದ ಬಸ್ಸು ಹತ್ತಿ ನೋಡಲು ಹೋಗುತ್ತಿದ್ದೆ. ನಡುಮನೆಯ ಪಕ್ಕದ ಕತ್ತಲೆ ಕೋಣೆ, ಕಿಟಕಿಗೆ ಕಂಬಳಿ, ಅತ್ತೆಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸಾಂಬ್ರಾಣಿ ಹೊಗೆ. ಬೆಳಿಗ್ಗೆ ತುಪ್ಪ ಸುರಿದ ಬಿಸಿ ಅನ್ನ, ಮೆಣಸಿನ ಸಾರು. ಹತ್ತು ಗಂಟೆಗೊಂದು, ನಾಲ್ಕು ಗಂಟೆಗೊಂದು ಕೊಬ್ಬರಿ ಉಂಡೆ: ಒಣಕೊಬ್ಬರಿ, ಬೆಲ್ಲ, ಗಸಗಸೆಯನ್ನು ತುಪ್ಪದಲ್ಲೇ ಕಟ್ಟಿದ್ದು, ಮುಷ್ಟಿಯಷ್ಟು ದಪ್ಪ. ಬಗ್ಗುವ ಹಾಗಿಲ್ಲ, ಹೊಸಿಲು ದಾಟುವ ಹಾಗಿಲ್ಲ. ಮೂರು ತಿಂಗಳು ಕಳೆದು ನಂಜನಗೂಡಿಗೆ ವಾಪಸ್ ಬಂದಾಗ ಅತ್ತೆಯ ಕೆನ್ನೆ ತುಂಬಿಕೊಂಡು ಮಿರಮಿರ ಮಿಂಚುತ್ತಿತ್ತು. ಬೀದಿಯ ಹೆಂಗಸರು ಬಂದು ನೋಡಿ, "ಕ್ಯಾನ್ಸರ್ ಬಂದೋರಂಗಾ ಅವ್ರೆ ಇವ್ರು? ಮದ್ವೆ ಎಣ್ಣಂಗವ್ರೆ," ಎಂದು ದೃಷ್ಟಿ ತೆಗೆದು ಹೋದರು. ನಾವು ಹಿಗ್ಗಿದೆವು.

ನಮ್ಮ ಕಡೆ ಬಾಣಂತನಕ್ಕೆ ಒಂದು ಕೊನೆ ಇದೆ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಬಾಣಂತಿ ತಲೆಗೆ ನೀರು ಹಾಕಿಕೊಂಡು ಬಾವಿಗೋ ಹೊಳೆಗೋ ಹೋಗುತ್ತಾಳೆ. ಅರಿಸಿನ ಕುಂಕುಮ ಹೂವು ಇಟ್ಟು ಗಂಗೆಪೂಜೆ ಮಾಡಿ, ಒಂದು ಬಿಂದಿಗೆ ನೀರು ಸೊಂಟದಲ್ಲಿ ಇಟ್ಟುಕೊಂಡು ಮನೆಗೆ ಬರುತ್ತಾಳೆ. ಅಲ್ಲಿಗೆ ಬಾಣಂತನ ಮುಗಿಯಿತು. ಮಾರನೇ ದಿನದಿಂದ ಎಲ್ಲರಂತೆ ಉಂಡು ಎಲ್ಲರಂತೆ ಕಸ ಗುಡಿಸುತ್ತಾಳೆ. ಅತ್ತೆಯ ವಿಷಯದಲ್ಲಿ ತೊಟ್ಟಿಲಿಲ್ಲ, ಹೆಸರಿಡುವುದಿಲ್ಲ, ಮೈದುಂಬಿದ ಮಗುವನ್ನು ನೋಡಿ ಇನ್ನು ಸಾಕು ಎನ್ನುವವರಿಲ್ಲ. ಗಂಗೆಪೂಜೆಯ ಮಾತು ಯಾರಿಗೂ ಹೊಳೆಯಲೇ ಇಲ್ಲ. ಶುರು ಮಾಡಿದ್ದನ್ನು ಮುಗಿಸುವ ದಿನ ಬರಲಿಲ್ಲ, ಅಷ್ಟೇ.

ಹೊಲವನ್ನು ಗುತ್ತಿಗೆಗೆ ಕೊಟ್ಟೆವು. ನಾದಿನಿ ಹದಿನೈದು ದಿನಕ್ಕೊಮ್ಮೆ ಉಂಡೆಯ ಡಬ್ಬ ಹಿಡಿದು ಬಸ್ಸಿಳಿಯುತ್ತಿದ್ದಳು. ನಾನು ಅತ್ತೆಯ ತಟ್ಟೆಗೆ ಎರಡು ಸಲ ತುಪ್ಪ ಬಡಿಸುತ್ತಿದ್ದೆ. ಅವರು ಪೊರಕೆ ಮುಟ್ಟಿದರೆ ಕಿತ್ತುಕೊಳ್ಳುತ್ತಿದ್ದೆ. "ಒಂದ್ಸಲ ಒಲಕ್ಕೆ ಓಗ್ಬುಟ್ಟು ಬತ್ತೀನಿ ಕಣವ್ವ," ಎನ್ನುತ್ತಿದ್ದರು. ಮುಂದಿನ ತಿಂಗಳು ಹೋಗೋಣ ಎನ್ನುತ್ತಿದ್ದೆ. ಒಂದು ವರ್ಷ ಹಾಗೆ ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು. ಸೊಸೆ ಅತ್ತೆಯನ್ನು ಕೂರಿಸಿ ಸಾಕುತ್ತಾಳೆ ಎಂದು ಬೀದಿಯೆಲ್ಲ ನನ್ನನ್ನು ಹೊಗಳಿತು. ಆ ಹೊಗಳಿಕೆಗೆ ನಾನು ಉಬ್ಬಿದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಇನ್ನು ಫೈಲಿನ ಕಥೆ. ಹಸಿರು ರಟ್ಟಿನ ಒಂದು ಫೈಲು, ದಾರ ಕಟ್ಟಿದ್ದು. ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಅದನ್ನು ಎತ್ತಿಕೊಂಡು ಮೈಸೂರಿಗೆ ಹೋಗುತ್ತಿದ್ದೆವು. ಸ್ಕ್ಯಾನಿಂಗ್ ಮಾಡುತ್ತಿದ್ದರು, ಒಳಗೆ ನೋಡುತ್ತಿದ್ದರು, "ಕ್ಲೀನ್" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾವು ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಸಿಕ್ಕಿದರೆ ಸಾಕು, ಬಸ್‌ಸ್ಟ್ಯಾಂಡಿನಲ್ಲಿ ಮಸಾಲೆ ದೋಸೆ ತಿಂದು ಊರಿಗೆ ಬರುತ್ತಿದ್ದೆವು.

ಏಳನೇ ವರ್ಷಕ್ಕೆ ಅತ್ತೆಗೆ ಉಬ್ಬಸ ಶುರುವಾಯಿತು. ಜಗಲಿಯ ಮೂರು ಮೆಟ್ಟಿಲು ಹತ್ತಿದರೆ ಕೂತು ಸುಧಾರಿಸಿಕೊಳ್ಳಬೇಕು. ನಂಜನಗೂಡಿನಲ್ಲೇ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಕಂಕುಳಲ್ಲಿ ಫೈಲು. ಆತ ಮೊದಲ ಹಾಳೆಯ ಮೇಲಿನ ಒಂದು ಪದ ಓದಿದ್ದೇ ಫೈಲು ಮಡಚಿ ನನ್ನ ಕಡೆಗೆ ತಳ್ಳಿದ. "ಇವರು ಕ್ಯಾನ್ಸರ್ ಪೇಷಂಟು. ನಾನು ಕೈ ಹಾಕಲ್ಲ. ಅಲ್ಲಿಗೇ ಹೋಗಿ," ಎಂದ. ಕುತ್ತಿಗೆಯಲ್ಲಿ ಸ್ಟೆತಾಸ್ಕೋಪು ನೇತಾಡುತ್ತಿತ್ತು, ಅದನ್ನು ಕಿವಿಗೆ ಇಡಲಿಲ್ಲ. ಮೈಸೂರಿಗೆ ಹೋದರೆ ಹೊಟ್ಟೆ ನೋಡಿ ಕ್ಲೀನ್ ಎಂದರು. ಉಬ್ಬಸಕ್ಕೆ ಏನು ಮಾಡಲಿ ಎಂದರೆ, "ವಯಸ್ಸಾಯ್ತಲ್ಲಮ್ಮ, ದಪ್ಪ ಬೇರೆ ಇದ್ದಾರೆ," ಎಂದು ಇನ್ನೊಬ್ಬರನ್ನು ಕೂಗಿದರು. ದಪ್ಪ ಇದ್ದಾರೆ ಎಂದು ಕಣ್ಣಿಗೆ ಕಂಡಿತ್ತಲ್ಲ, ಯಾಕೆ ಎಂದು ಕೇಳಲು ಬಾಯಿಗೆ ಏನಾಗಿತ್ತು?

ಆಮೇಲೆ ಒಂಬತ್ತನೇ ವರ್ಷದ ಒಂದು ಚಳಿಗಾಲದ ಬೆಳಿಗ್ಗೆ. ಅವರೆಕಾಯಿಯ ಕಾಲ. ಜಗಲಿಯಲ್ಲಿ ಕೂತು ಅತ್ತೆ ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನಾವು ಅವರಿಗೆ ಬಿಟ್ಟಿದ್ದ ಕೆಲಸ ಅದೊಂದೇ. ನಾನು ಶಾಲೆಗೆ ಹೊರಡುತ್ತಿದ್ದೆ. ನೋಡಿದರೆ ಆ ಚಳಿಯಲ್ಲಿ ಹಣೆಯಿಂದ ಬೆವರು ಇಳಿಯುತ್ತಿದೆ.

"ದವಡೆ ಇಡ್ಕಂಡದೆ ಕಣವ್ವ. ಬೆನ್ನು ಮ್ಯಾಲೆ ಕಲ್ಲು ಏರ್ದಂಗದೆ," ಎಂದರು. ಒಂದು ಸಲ ವಾಂತಿಯಾಯಿತು.

ನನ್ನ ತಲೆಗೆ ಬಂದಿದ್ದು ಒಂದೇ: ಅದು ತಿರುಗಿ ಬಂತು. ಗಂಡನ ತಲೆಗೂ ಅದೇ. ಫೋನ್ ಮಾಡಿದರೆ ನಾದಿನಿಯೂ ಅದನ್ನೇ ಹೇಳಿಕೊಂಡು ಅತ್ತಳು. ಫೈಲು ಹಿಡಿದು ಮೈಸೂರಿಗೆ ಓಡಿದೆವು. ಫೈಲು ನೋಡಿದ ಡಾಕ್ಟರುಗಳೂ ಅದನ್ನೇ ಅಂದುಕೊಂಡರು. ಹೊಟ್ಟೆಗೆ ಸ್ಕ್ಯಾನಿಂಗ್, ರಕ್ತ, ಮತ್ತೆ ಸ್ಕ್ಯಾನಿಂಗ್, ಎರಡು ದಿನ. ಮೂರನೇ ದಿನ ಡಾಕ್ಟರು ನಗುನಗುತ್ತಾ ಬಂದು, "ಅದು ಬಂದಿಲ್ಲ. ಧೈರ್ಯವಾಗಿರಿ. ಗ್ಯಾಸ್ ಇರಬೇಕು," ಎಂದರು. ನಾನು ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟೆ, ಸಂತೋಷಕ್ಕೆ. ಮನೆಗೆ ಬಂದು ಹೋಳಿಗೆ ಮಾಡಿದೆ. ಅತ್ತೆ ಎಡಗೈಯಲ್ಲಿ ಭುಜ ಒತ್ತಿಕೊಂಡೇ ಎರಡು ಹೋಳಿಗೆ ತಿಂದರು. ಅವುಗಳ ಮೇಲೆ ತುಪ್ಪ ಹಾಕಿದ್ದು ಎಷ್ಟು ಎಂದು ನಾನು ಹೇಳಲಾರೆ.

ಅಂದಿನಿಂದ ಅತ್ತೆಗೆ ಮಲಗಿ ನಿದ್ದೆ ಮಾಡಲಾಗಲಿಲ್ಲ. ದಿಂಬು ಪೇರಿಸಿ ಒರಗಿ ಕೂತೇ ತೂಕಡಿಸುತ್ತಿದ್ದರು. ಸಂಜೆಯಾದರೆ ಪಾದ ಊದಿಕೊಳ್ಳುತ್ತಿತ್ತು. ಬೇಸಿಗೆ ರಜೆ ಬಂತು, ನರಸೀಪುರಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನಿಂದ ನಾದಿನಿಯ ಮನೆಗೆ ಐದು ನಿಮಿಷದ ದಾರಿ. ಅತ್ತೆ ನಾಲ್ಕು ಕಡೆ ನಿಂತರು. ನಾಲ್ಕನೇ ಸಲ ಯಾರದೋ ಮನೆಯ ಜಗಲಿ ಕಂಬ ಹಿಡಿದುಕೊಂಡು, "ನಾನು ಇಲ್ಲೇ ಕೂತ್ಕತೀನಿ, ನೀನು ಓಗಿರು ಮಗಾ," ಎಂದರು. ಹೊಲದ ದಾರಿಯಲ್ಲಿ ತಮ್ಮ ಹಿಂದೆ ನನ್ನನ್ನು ಓಡಿಸುತ್ತಿದ್ದ ಹೆಂಗಸು ಇವರು.

ಅದೇ ಬೀದಿಯಲ್ಲಿ ಹೊಸದಾಗಿ ಒಬ್ಬ ಲೇಡಿ ಡಾಕ್ಟರು ಕ್ಲಿನಿಕ್ ತೆಗೆದಿದ್ದರು. ಮಾರನೇ ಬೆಳಿಗ್ಗೆ ಹೊರಟೆವು. ಹೊಸಿಲಲ್ಲಿ ಅತ್ತೆ ನಿಂತರು.

"ಫೈಲು?"

"ನಂಜನಗೂಡಲ್ಲೇ ಮರ್ತು ಬಂದೆ," ಎಂದೆ. ಸುಳ್ಳು. ಫೈಲು ನನ್ನ ಚೀಲದ ತಳದಲ್ಲಿ ಸೀರೆಗಳ ಕೆಳಗಿತ್ತು. ಫೈಲು ಕೊಟ್ಟರೆ ತಾನೇ ಇವರು ಫೈಲು ನೋಡುವುದು, ಕೊಡದಿದ್ದರೆ ಏನು ನೋಡುತ್ತಾರೋ ನೋಡಿಯೇಬಿಡೋಣ ಎಂದು ಹಟಕ್ಕೆ ಬಿದ್ದಿದ್ದೆ.

ನೋಡಲು ಕೈಗೆ ಕಾಗದವಿಲ್ಲದ್ದರಿಂದ ಆ ಡಾಕ್ಟರು ಅತ್ತೆಯ ಮುಖ ನೋಡಿದರು. "ಏನಾಗ್ತಿದೆ ಅಮ್ಮ, ನೀವೇ ಹೇಳಿ," ಎಂದರು. ಅತ್ತೆ ಗಾಬರಿಯಿಂದ ನನ್ನ ಕಡೆ ತಿರುಗಿದರು. ಎಷ್ಟೋ ವರ್ಷದಿಂದ ಅವರ ಪರವಾಗಿ ಫೈಲೇ ಮಾತಾಡುತ್ತಿತ್ತಲ್ಲ. ಆಮೇಲೆ ಒಂದೊಂದಾಗಿ ಹೇಳಿದರು: ಮೆಟ್ಟಿಲು, ದಿಂಬು, ಪಾದ, ಅವರೆಕಾಳಿನ ದಿನದ ದವಡೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು, ನಂಬಿಕೆ ಬಾರದೆ ಇನ್ನೊಂದು ತೋಳಿಗೂ ಸುತ್ತಿದರು. ಬೆರಳು ಚುಚ್ಚಿ ಶುಗರ್ ನೋಡಿದರು. ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಉದ್ದನೆಯ ಆ ಕಾಗದವನ್ನು ಎರಡು ಸಲ ಓದಿ, "ಇವರಿಗೆ ಹಾರ್ಟ್ ಅಟ್ಯಾಕ್ ಆದಾಗ ಯಾವ ಆಸ್ಪತ್ರೆಗೆ ಸೇರಿಸಿದ್ರಿ?" ಎಂದು ಕೇಳಿದರು.

ಆಗಿಲ್ಲ ಎಂದೆ.

"ಆಗಿದೆ. ಕೆಲವು ತಿಂಗಳ ಹಿಂದೆ. ಹೃದಯದ ಒಂದು ಭಾಗ ಸತ್ತೇಹೋಗಿದೆ."

ನನ್ನ ಕಣ್ಣಿಗೆ ಕಂಡಿದ್ದು ಹೋಳಿಗೆ. ಎದೆ ಒಡೆದುಹೋದ ಹೆಂಗಸಿನ ಹೊಟ್ಟೆಯನ್ನು ದೊಡ್ಡ ಆಸ್ಪತ್ರೆಯಲ್ಲಿ ಎರಡು ದಿನ ಹುಡುಕಿ ಏನೂ ಇಲ್ಲ ಎಂದಿದ್ದರು, ನಾವು ಹಬ್ಬ ಮಾಡಿದ್ದೆವು. ಆಗ ಫೈಲಿನ ವಿಷಯ ಹೇಳಿದೆ. ಡಾಕ್ಟರು ನನ್ನ ಮೇಲೆ ರೇಗಿದರು, ಇಂಥದ್ದನ್ನು ಮುಚ್ಚಿಡಬಾರದು ಎಂದರು.

"ತೋರ್ಸಿದ್ರೆ ನೀವೂ ಮೈಸೂರಿಗೆ ಹೋಗಿ ಅಂತಿದ್ರಿ ಮೇಡಮ್."

ಡಾಕ್ಟರು ಇಸಿಜಿ ಕಾಗದ ಮಡಚುತ್ತಾ, "ಅಂದಿರ್ತಿದ್ನೋ ಏನೋ," ಎಂದರು. ಆಮೇಲೆ ವಿವರಿಸಿ ಹೇಳಿದರು. ಮೈ ಬರುವುದು, ಶುಗರ್, ಬಿಪಿ, ಇವು ಆ ಕ್ಯಾನ್ಸರಿನ ಹೆಂಗಸರಲ್ಲಿ ತುಂಬ ಕಾಣುತ್ತವೆ. ಹೃದಯವನ್ನು ಕೆಡಿಸುವುದೂ ಇವೇ. ಕ್ಯಾನ್ಸರಿನಿಂದ ಉಳಿದವರಿಗೆ ವರ್ಷ ಕಳೆದಂತೆ ಹೃದಯದ ಕಡೆಯಿಂದಲೇ ಅಪಾಯ ಹೆಚ್ಚು. ಅದನ್ನು ಮೊದಲ ದಿನದಿಂದ ನೋಡಿಕೊಳ್ಳಬೇಕಿತ್ತು ಎಂದರು.

ಮನೆಗೆ ಬಂದು ಫೈಲು ಬಿಚ್ಚಿ ನೆಲದ ಮೇಲೆ ಹರಡಿಕೊಂಡೆ. ಪ್ರತಿ ಹಾಳೆಯ ಮೂಲೆಯಲ್ಲಿ ನರ್ಸುಗಳು ಸಣ್ಣಗೆ ಬಿಪಿ ಬರೆದಿದ್ದರು, ತೂಕ ಬರೆದಿದ್ದರು. ವರ್ಷದಿಂದ ವರ್ಷಕ್ಕೆ ಎರಡೂ ಏರುತ್ತಲೇ ಹೋಗಿದ್ದವು. ಎಲ್ಲವೂ ಅಲ್ಲೇ ಇತ್ತು! ಬರೆದವರು ಬರೆದರು, ಸಹಿ ಹಾಕಿದವರು ಸಹಿ ಹಾಕಿದರು, ಓದಿದವರಿಲ್ಲ. ಮಕ್ಕಳ ಕಾಪಿಪುಸ್ತಕದಲ್ಲಿ ಒಂದು ಕೊಂಬು ತಪ್ಪಿದರೆ ಕೆಂಪು ಮಸಿಯಲ್ಲಿ ಸುತ್ತು ಹಾಕುವ ನಾನು ಇದನ್ನು ಒಂಬತ್ತು ವರ್ಷ ಕಂಕುಳಲ್ಲಿಟ್ಟುಕೊಂಡು ತಿರುಗಿದ್ದೆ.

ಮೈಸೂರಿನಲ್ಲಿ ಹೃದಯದ ಡಾಕ್ಟರಿಗೆ ತೋರಿಸಿದೆವು, ಮಾತ್ರೆ ಶುರುವಾಯಿತು, ಊತ ಇಳಿಯಿತು. ತುಪ್ಪ, ಕೊಬ್ಬರಿ ಬಿಡಿ, ದಿನಾ ಹತ್ತು ನಿಮಿಷದಿಂದ ಶುರುಮಾಡಿ ಮೆಲ್ಲಗೆ ನಡೆಯಿರಿ, ನಡೆದರೇ ಉಳಿಯುತ್ತೀರಿ ಎಂದರು. ನರಸೀಪುರಕ್ಕೆ ಮರಳಿದ ಮೇಲೆ ಅತ್ತೆ ಬಾಗಿಲವರೆಗೆ ಬಂದು ನಿಂತುಬಿಟ್ಟರು. ಚಪ್ಪಲಿ ಹಾಕಿಸಿದರೂ ಕಾಲು ಮುಂದಕ್ಕಿಡಲಿಲ್ಲ. ಒಂಬತ್ತು ವರ್ಷ ನಾವು ಹೇಳಿದ್ದು ಅವರ ಮೂಳೆಗೇ ಇಳಿದಿತ್ತು.

"ಬರಿದಾದ ಮೈ ಕಣವ್ವ. ಗಾಳಿ ಒಕ್ಕಂಡ್ರೆ?" ಎಂದರು.

ನಾದಿನಿ ಅವರ ಪರ. "ಬಾಣಂತಿ ಥರ ನೋಡ್ಕಂಡಿದ್ದೀವಿ. ಈಗ ಬೀದಿಗೆ ಬುಡ್ತೀರಾ?"

"ಬಾಣಂತಿ ಅಂದ್ಯಲ್ಲವ್ವ," ಎಂದೆ. "ಗಂಗೆಪೂಜೆ ಯಾವಾಗ ಮಾಡ್ಸಿದೆ?"

ಅವಳು ದನಿ ತಗ್ಗಿಸಿ, "ಅಪ್ಪ ಇಲ್ಲ ಅತ್ತಿಗೆ. ಅವ್ವ ಎಂಗೆ ಗಂಗೆಪೂಜೆ ಮಾಡ್ತಾಳೆ?" ಎಂದಳು.

"ಒಂಬತ್ತು ವರ್ಷ ಬಾಣಂತನ ಮಾಡ್ದಾಗ ಮಾವ ಇದ್ರಾ?"

ನನ್ನ ದನಿ ಎಷ್ಟು ಏರಿತ್ತೆಂದರೆ ಪಕ್ಕದ ಮನೆಯವರು ಇಣುಕಿದರು. ಈ ಶಾಸ್ತ್ರಗಳಲ್ಲಿ ನನಗೆ ದೊಡ್ಡ ನಂಬಿಕೆಯೇನೂ ಇಲ್ಲ. ಆದರೆ ಕಟ್ಟಿಹಾಕಿದ್ದು ಶಾಸ್ತ್ರವಾದರೆ ಬಿಚ್ಚಬೇಕಾದ್ದೂ ಶಾಸ್ತ್ರವೇ ಎಂದು ಅವತ್ತು ಕೋಪದಲ್ಲಿ ಹೊಳೆಯಿತು.

ಸೋಮವಾರ ಬೆಳಿಗ್ಗೆ ಆಟೋದಲ್ಲಿ ನರಸೀಪುರದ ಹೊಳೆಯ ಹತ್ತಿರ ಹೋದೆವು, ನಾವು ಮೂರೇ ಜನ. ಅತ್ತೆ ಹಣೆಗೆ ವಿಭೂತಿ ಇಟ್ಟುಕೊಂಡು, ನನ್ನ ಭುಜ ಹಿಡಿದು ಮೆಟ್ಟಿಲಿಳಿದರು. ನೀರಿಗೆ ಅರಿಸಿನ ಬಿಟ್ಟರು, ಹೂವು ಬಿಟ್ಟರು, ಕೈ ಮುಗಿದು ಬಹಳ ಹೊತ್ತು ನಿಂತರು. ಬಿಂದಿಗೆ ಬೇಡವೆಂದು ನಾನು ಚಿಕ್ಕ ಚೊಂಬು ತಂದಿದ್ದೆ. ಅದನ್ನು ತುಂಬಿಕೊಂಡು ಸೊಂಟಕ್ಕೆ ಇಟ್ಟುಕೊಂಡರು. ಎರಡು ಮೆಟ್ಟಿಲು ಹತ್ತಿ ನಿಂತರು. ಮತ್ತೆರಡು ಹತ್ತಿ ನಿಂತರು. ಚೊಂಬಿಗೆ ಕೈ ಚಾಚಿದೆ. "ಬುಡು. ನನ್ ನೀರು, ನಾನೇ ತತ್ತೀನಿ," ಎಂದರು.

ಮೇಲೆ ಬಂದಾಗ ನಾದಿನಿ ಕಣ್ಣೊರೆಸಿಕೊಂಡು, ರೂಢಿಯ ಮೇಲೆ ಡಬ್ಬ ತೆಗೆದಳು. ಗಂಗೆಪೂಜೆಗೆ ಹಂಚಲು ಕೊಬ್ಬರಿ ಉಂಡೆ ಕಟ್ಟಿ ತಂದಿದ್ದಳು. ಮೊದಲನೆಯದನ್ನು ಅವ್ವನ ಬಾಯಿಗೇ ಹಿಡಿದಳು. ಅತ್ತೆ ಮುಖ ತಿರುಗಿಸಿದರು. ಡಬ್ಬವನ್ನೇ ಇಸಿದುಕೊಂಡು ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆಲ್ಲ ಒಂದೊಂದು ಕೊಟ್ಟರು. ಏನು ವಿಶೇಷ ಎಂದು ಒಬ್ಬಳು ಕೇಳಿದಳು.

"ನನ್ ಬಾಣಂತನ ಮುಗೀತು ಕಣವ್ವ," ಎಂದರು ಅತ್ತೆ. ಆ ಹೆಂಗಸು ಅವರ ನರೆತ ತಲೆ ನೋಡಿ ನಗಬೇಕೋ ಬೇಡವೋ ತಿಳಿಯದೆ ನಿಂತಳು. ಅತ್ತೆ ನನ್ನ ಕಡೆ ತಿರುಗಿ, "ಮಗು ಉಟ್ಟಿದ್ರೆ ಈಗ ನಿನ್ ಇಸ್ಕೂಲಲ್ಲಿ ನಾಕ್ನೇ ಕ್ಲಾಸು, ಅಲ್ವಾ ಟೀಚ್ರಮ್ಮ?" ಎಂದರು.

ಆಮೇಲೆ ಅತ್ತೆ ಐದು ವರ್ಷ ಬದುಕಿದರು, ದಿನಾ ನಡೆದರು. ಹೊಲದ ಬದುವಿನವರೆಗೂ ಎರಡು ಸಲ ಹೋಗಿ ಬಂದರು. ಸತ್ತ ಭಾಗ ಮಾತ್ರ ಮತ್ತೆ ಹುಟ್ಟಲಿಲ್ಲ, ಕೊನೆಗೆ ಹೃದಯವೇ ನಿಂತಿತು. ಮಣ್ಣಿಗೆ ಬಂದವರು, ಪಾಪ ಕ್ಯಾನ್ಸರ್ ಬಿಡಲಿಲ್ಲ ನೋಡಿ ಎಂದರು. ಒಬ್ಬೊಬ್ಬರನ್ನೂ ನಿಲ್ಲಿಸಿ ಅಲ್ಲ ಎಂದು ಹೇಳಿದೆ. ಸಾವಿನ ಮನೆಯಲ್ಲಿ ಜಗಳ ತೆಗೆಯುತ್ತಾಳೆ ಎಂದರು. ಹೌದು, ತೆಗೆದೆ.

ಗಂಗೆಪೂಜೆಯಾದ ವರ್ಷ ಮೈಸೂರಿನ ತಪಾಸಣೆಗೆ ಹೋದದ್ದು ಮಾತ್ರ ಮರೆಯಲಾರೆ. ಎಂದಿನ ಡಾಕ್ಟರು ಸ್ಕ್ಯಾನಿಂಗ್ ನೋಡಿದರು, ಒಳಗೆ ಪರೀಕ್ಷೆ ಮಾಡಿದರು, ಕೈ ತೊಳೆದುಕೊಂಡು ಬಂದು ಫೈಲಿನಲ್ಲಿ ಬರೆಯುತ್ತಾ, "ಕ್ಲೀನ್ ಇದೆಯಮ್ಮ, ಹೋಗಿಬನ್ನಿ," ಎಂದರು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಫೈಲಿನ ಮೇಲೆ ತಮ್ಮ ಬಲಗೈ ಚಾಚಿ ಇಟ್ಟರು, ಬಿಪಿ ಪಟ್ಟಿ ಸುತ್ತಲೆಂದು ರವಿಕೆಯ ತೋಳು ಮೇಲಕ್ಕೆ ಸರಿಸಿದರು.

"ಕೆಳಗೆ ನೋಡಿದ್ದು ಸಾಕು ಸಾ," ಎಂದರು. "ಒಂಬತ್ತು ವರ್ಷ ಆಯ್ತು. ಈಗ ಮ್ಯಾಲೆ ಎದೆಗಂಟ ಬನ್ನಿ."